ಹಳೆಯ ಗಣಕಯಂತ್ರದಿಂದ ಹೊಸದಕ್ಕೆ ಪಾಠದ ಪ್ರತಿಲೇಖನ: ಸೀರಿಯಲ್ ಕೇಬಲಿನ ವಿಧಾನ

ಓಲೆಗರಿಯ ಪ್ರತಿಯೊಂದು ಕೈಸೇರಿದಾಗ ಗ್ರಂಥಸಂಪಾದಕನು ಮೊದಲು ಕೇಳುವ ಪ್ರಶ್ನೆಗಳು ಎರಡು: ಇದು ಯಾವ ಮಾತೃಪ್ರತಿಯಿಂದ ಇಳಿದುಬಂದಿತು? ಇಳಿದುಬರುವಾಗ ಏನನ್ನು ಕಳೆದುಕೊಂಡಿತು? ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಗಣಕಯಂತ್ರದಲ್ಲಿ ದಾಖಲಾದ ಪಾಠಗಳ ವಿಷಯದಲ್ಲಿಯೂ ಇವೇ ಪ್ರಶ್ನೆಗಳನ್ನು ಕೇಳಬೇಕಾದ ಕಾಲವೀಗ ಒದಗಿದೆ. ಆ ಕಾಲದಲ್ಲಿ ಸಿದ್ಧವಾದ ಹಸ್ತಪ್ರತಿ ಸೂಚಿಗಳು, ಪಾಠಾಂತರಗಳ ಪಟ್ಟಿಗಳು ಮತ್ತು ಇಡಿಯ ಕೃತಿಗಳ ಪ್ರತಿಲಿಪಿಗಳು ಫ್ಲಾಪಿಗಳಲ್ಲಿ ಉಳಿದಿರುವುದುಂಟು. ಅವುಗಳಿಗೆ ಆಧಾರವಾದ ಓಲೆಗಳು ಆಮೇಲೆ ಹುಳು ಹಿಡಿದೋ ಮುರಿದೋ ಹೋಗಿದ್ದರೆ, ಫ್ಲಾಪಿಯಲ್ಲಿನ ಪ್ರತಿಲಿಪಿಯೇ ಆ ಪಾಠಕ್ಕೆ ಉಳಿದ ಏಕೈಕ ಸಾಕ್ಷಿಯಾಗುತ್ತದೆ. ಫ್ಲಾಪಿಯಾದರೋ ಓಲೆಗಿಂತಲೂ ಅಲ್ಪಾಯುಷಿ. ಓಲೆಯು ಶತಮಾನಗಳನ್ನು ತಾಳಬಲ್ಲುದು. ಕಾಂತೀಯ ಲೇಪವುಳ್ಳ ತಟ್ಟೆಯು ತೇವಕ್ಕೂ ಬೂಷ್ಟಿಗೂ ಸಿಕ್ಕಿ ಕೆಲವೇ ದಶಕಗಳಲ್ಲಿ ಓದಲು ಬಾರದಂತಾಗುತ್ತದೆ.

ಇಂತಹ ಪಾಠಗಳನ್ನು ಇಂದಿನ ಯಂತ್ರಕ್ಕೆ ಇಳಿಸಿಕೊಳ್ಳುವ ಮಾರ್ಗಗಳಲ್ಲಿ ಸರಳವೂ ಅಲ್ಪವೆಚ್ಚದ್ದೂ ಆದುದು ಸೀರಿಯಲ್ ಕೇಬಲಿನ ಮಾರ್ಗ. ಈ ಮಾರ್ಗದಲ್ಲಿ ಎರಡು ಬಗೆಯ ಅಪಾಯಗಳಿವೆ. ಸಂಪರ್ಕವೇ ಏರ್ಪಡದಿರುವುದು ಅಥವಾ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುವುದು ಮೊದಲನೆಯದು. ಇದು ಕಣ್ಣಿಗೆ ಕಾಣುವುದರಿಂದ ಸರಿಪಡಿಸಲು ಸಾಧ್ಯ. ಎಲ್ಲವೂ ಸರಿಯಾಗಿ ಬಂದಂತೆ ತೋರಿ, ಕನ್ನಡದ ಭಾಗ ಮಾತ್ರ ಸದ್ದಿಲ್ಲದೆ ನಾಶವಾಗುವುದು ಎರಡನೆಯದು. ಇದನ್ನು ಅರಿಯದೆ ಮಾತೃಪ್ರತಿಯನ್ನು ಕೈಬಿಟ್ಟರೆ ನಷ್ಟವು ಶಾಶ್ವತವಾಗುತ್ತದೆ. ಎರಡನೆಯ ಅಪಾಯದ ಸ್ವರೂಪವನ್ನೂ ಅದನ್ನು ತಡೆಯುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

1. ಹಿನ್ನೆಲೆ

ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ 1981ರ ಆಗಸ್ಟ್ ತಿಂಗಳಲ್ಲಿ ಹೊರಬಂದಿತು. ಅದನ್ನು ಅನುಸರಿಸಿ ಬೇರೆ ಬೇರೆ ಸಂಸ್ಥೆಗಳು ತಯಾರಿಸಿದ ಯಂತ್ರಗಳು ಡಾಸ್ ಎಂಬ ಕಾರ್ಯವ್ಯವಸ್ಥೆಯೊಡನೆ ಭಾರತದಲ್ಲಿಯೂ ಹರಡಿದವು. ಭಾರತೀಯ ಲಿಪಿಗಳನ್ನು ಗಣಕಕ್ಕೆ ಒಗ್ಗಿಸುವ ಕಾರ್ಯವು ಕಾನ್ಪುರದ ಐಐಟಿಯಲ್ಲಿ ನಡೆದು, 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಯಿತು. ಜಿಸ್ಟ್ ಎಂಬ ಹೆಸರಿನ ಕಾರ್ಡನ್ನು ಯಂತ್ರದೊಳಗೆ ಜೋಡಿಸಿದರೆ ಡಾಸ್‌ನ ಸಾಮಾನ್ಯ ತಂತ್ರಾಂಶಗಳಲ್ಲಿಯೇ ಕನ್ನಡವನ್ನು ಬರೆಯಬಹುದಾಗಿತ್ತು. ಆ ಬರಹಕ್ಕೆ ಆಧಾರವಾದ ಸಂಕೇತವ್ಯವಸ್ಥೆಗೆ ಇಸ್ಕಿ ಎಂದು ಹೆಸರು. 1991ರಲ್ಲಿ ಅದು ಐಎಸ್ 13194 ಎಂಬ ಸಂಖ್ಯೆಯ ಭಾರತೀಯ ಮಾನಕವಾಯಿತು. ತಮ್ಮದೇ ಸಂಕೇತಗಳನ್ನು ಬಳಸಿದ ತಂತ್ರಾಂಶಗಳೂ ಇದ್ದವು. ಆದರೆ ಇಸ್ಕಿಯ ಕ್ರಮವು ಪ್ರಕಟವಾದ ಮಾನಕವಾದುದರಿಂದ ವಿವರಣೆಗೆ ಅದನ್ನೇ ಆರಿಸಿಕೊಳ್ಳಬಹುದು.

ಆ ಯಂತ್ರಗಳ ಐದೂಕಾಲು ಅಂಗುಲದ ಫ್ಲಾಪಿಯನ್ನು ಇಂದಿನ ಯಂತ್ರಕ್ಕೆ ತುರುಕಲು ಬಾಯಿಯೇ ಇಲ್ಲ. ಇಂದಿನ ಯಂತ್ರದ ಯುಎಸ್‌ಬಿ ದ್ವಾರವು ಹಳೆಯ ಯಂತ್ರಕ್ಕೆ ತಿಳಿಯದು. ಇವೆರಡಕ್ಕೂ ಸಾಮಾನ್ಯವಾಗಿ ಅರ್ಥವಾಗುವ ಭಾಷೆ ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕದ ಮಾನಕ. ಇದು ಅಮೆರಿಕದಲ್ಲಿ 1960ರಲ್ಲಿ ರೂಪುಗೊಂಡಿತು. 1969ರಲ್ಲಿ ಪರಿಷ್ಕೃತವಾದ ಇದರ ‘ಸಿ’ ಆವೃತ್ತಿಯೇ ವ್ಯಾಪಕವಾಗಿ ಬಳಕೆಗೆ ಬಂದುದು. ಇಂದಿನ ಯಂತ್ರಗಳಲ್ಲಿ ಈ ದ್ವಾರವು ಅಪರೂಪವಾದರೂ, ಯುಎಸ್‌ಬಿಯಿಂದ ಸೀರಿಯಲ್‌ಗೆ ಮಾರ್ಪಡಿಸುವ ಚಿಕ್ಕ ಸಾಧನವು ಅಂಗಡಿಗಳಲ್ಲಿ ದೊರೆಯುತ್ತದೆ.

2. ಅಕ್ಷರವು ತಂತಿಯಲ್ಲಿ ಸಾಗುವ ಬಗೆ

ಸೀರಿಯಲ್ ಎಂದರೆ ಸಾಲಾಗಿ ಎಂದು ಅರ್ಥ. ಗಣಕದಲ್ಲಿ ಪ್ರತಿಯೊಂದು ಅಕ್ಷರವೂ ಒಂದು ಬೈಟ್, ಎಂದರೆ ಎಂಟು ಬಿಟ್‌ಗಳ ಸಮೂಹ. ಒಂದೊಂದು ಬಿಟ್ಟೂ ಸೊನ್ನೆ ಅಥವಾ ಒಂದು. ಈ ಬಿಟ್‌ಗಳು ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದರಂತೆ ಸಾಗುತ್ತವೆ. ತಂತಿಯಲ್ಲಿ 3ರಿಂದ 15 ವೋಲ್ಟಿನವರೆಗಿನ ಧನ ವಿದ್ಯುತ್ತು ಇದ್ದರೆ ಸೊನ್ನೆ, ಅಷ್ಟೇ ಪ್ರಮಾಣದ ಋಣ ವಿದ್ಯುತ್ತು ಇದ್ದರೆ ಒಂದು ಎಂದು ಸ್ವೀಕರಿಸುವ ಯಂತ್ರವು ತಿಳಿಯುತ್ತದೆ. ಪ್ರತಿ ಅಕ್ಷರದ ಮುಂದೆ ಆರಂಭಸೂಚಕವಾದ ಒಂದು ಬಿಟ್ಟೂ ಕೊನೆಯಲ್ಲಿ ಸಮಾಪ್ತಿಸೂಚಕವಾದ ಒಂದು ಬಿಟ್ಟೂ ಇರುತ್ತವೆ. ಹೀಗೆ ಒಂದು ಅಕ್ಷರಕ್ಕೆ ಒಟ್ಟು ಹತ್ತು ಬಿಟ್‌ಗಳಾಗುತ್ತವೆ. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ 960 ಅಕ್ಷರಗಳು ದಾಟುತ್ತವೆ. 3,68,640 ಬೈಟ್‌ಗಳ ಸಾಮರ್ಥ್ಯದ ಒಂದು ಫ್ಲಾಪಿಯ ಮೊತ್ತವು ಈ ಲೆಕ್ಕದಂತೆ 6 ನಿಮಿಷ 24 ಸೆಕೆಂಡುಗಳಲ್ಲಿಯೂ, 1200ರ ವೇಗದಲ್ಲಾದರೆ 51 ನಿಮಿಷ 12 ಸೆಕೆಂಡುಗಳಲ್ಲಿಯೂ ದಾಟಬಲ್ಲುದು. ತಪ್ಪುಗಳ ಪರೀಕ್ಷೆಗೆ ತಗಲುವ ಕಾಲವು ಇದಕ್ಕೆ ಹೊರತು.

ವೇಗದ ಆಸೆಗೆ ಒಳಗಾಗಬಾರದು. ಮೊದಲ ಪಿಸಿಯ ಸೀರಿಯಲ್ ಕಾರ್ಡಿನಲ್ಲಿದ್ದ 8250 ಎಂಬ ಚಿಪ್ಪು ಬಂದ ಅಕ್ಷರಗಳಲ್ಲಿ ಒಂದನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲುದು. 9600ರ ವೇಗದಲ್ಲಿ ಸುಮಾರು ಒಂದು ಮಿಲಿಸೆಕೆಂಡಿಗೆ ಒಂದರಂತೆ ಅಕ್ಷರಗಳು ಬರುತ್ತಿರುವಾಗ, ಯಂತ್ರವು ಫ್ಲಾಪಿಯ ಮೇಲೆ ಬರೆಯುವ ಕೆಲಸದಲ್ಲಿ ತೊಡಗಿದ್ದರೆ ಮೊದಲ ಅಕ್ಷರದ ಮೇಲೆ ಮುಂದಿನದು ಬಂದು ಕೂರುತ್ತದೆ. ಉಕ್ತಲೇಖನ ಹೇಳುವವನು ಅವಸರಪಟ್ಟರೆ ಲಿಪಿಕಾರನ ಕೈಯಲ್ಲಿ ಅಕ್ಷರಲೋಪವಾಗುವಂತೆಯೇ ಇದು.

3. ಕೇಬಲಿನ ರಚನೆ

ಆರ್‌ಎಸ್-232 ಮಾನಕವು ಮೂಲತಃ ಗಣಕವನ್ನು ಮೋಡೆಮ್‌ಗೆ ಜೋಡಿಸಲೆಂದು ರೂಪುಗೊಂಡಿತು. ಗಣಕವನ್ನು ಗಣಕಕ್ಕೆ ಜೋಡಿಸಲೆಂದಲ್ಲ. ಎರಡು ಗಣಕಗಳನ್ನು ಸಾಮಾನ್ಯ ಕೇಬಲಿನಿಂದ ನೇರವಾಗಿ ಜೋಡಿಸಿದರೆ ಎರಡೂ ಒಂದೇ ತಂತಿಯಲ್ಲಿ ಮಾತನಾಡುತ್ತವೆ, ಎರಡೂ ಒಂದೇ ತಂತಿಯಲ್ಲಿ ಆಲಿಸುತ್ತವೆ; ಯಾವ ಮಾತೂ ಯಾವ ಕಿವಿಗೂ ಬೀಳುವುದಿಲ್ಲ. ಆದಕಾರಣ ಕಳುಹಿಸುವ ತಂತಿಯನ್ನು ಎದುರಿನ ಯಂತ್ರದ ಸ್ವೀಕರಿಸುವ ತಂತಿಗೆ ಸೇರುವಂತೆ ಅಡ್ಡಹಾಯಿಸಬೇಕು. ಹೀಗೆ ಅಡ್ಡಹಾಯಿಸಿದ ಕೇಬಲಿಗೆ ನಲ್ ಮೋಡೆಮ್ ಕೇಬಲ್ ಎಂದು ಹೆಸರು.

ಹಳೆಯ ಪಿಸಿಯಲ್ಲಿ ಸೀರಿಯಲ್ ದ್ವಾರಕ್ಕೆ 25 ಪಿನ್ನುಗಳು. 1984ರ ಪಿಸಿ-ಎಟಿ ಯಂತ್ರದಿಂದೀಚೆಗೆ 9 ಪಿನ್ನುಗಳ ದ್ವಾರವು ರೂಢಿಗೆ ಬಂದಿತು; ಯುಎಸ್‌ಬಿ ಸಾಧನದಲ್ಲಿ ಇರುವುದೂ ಇದೇ. 25 ಪಿನ್ನುಗಳ ದ್ವಾರದಲ್ಲಿ 2ನೆಯದು ಕಳುಹಿಸುವುದು, 3ನೆಯದು ಸ್ವೀಕರಿಸುವುದು, 7ನೆಯದು ಗ್ರೌಂಡ್. 9 ಪಿನ್ನುಗಳ ದ್ವಾರದಲ್ಲಿ 3ನೆಯದು ಕಳುಹಿಸುವುದು, 2ನೆಯದು ಸ್ವೀಕರಿಸುವುದು, 5ನೆಯದು ಗ್ರೌಂಡ್. ಹೀಗಾಗಿ 25ರ ದ್ವಾರವನ್ನು 9ರ ದ್ವಾರಕ್ಕೆ ಜೋಡಿಸುವಾಗ 2ಕ್ಕೆ 2, 3ಕ್ಕೆ 3 ಎಂದು ನೇರವಾಗಿಯೇ ತಂತಿ ಹಾಯಬೇಕಾಗುತ್ತದೆ. ಸಂಖ್ಯೆಯಲ್ಲಿ ನೇರವಾಗಿ ಕಂಡರೂ ಕಾರ್ಯದಲ್ಲಿ ಅದು ಅಡ್ಡಹಾಯ್ದದ್ದೇ. ‘ಅಡ್ಡಹಾಯಿಸಬೇಕು’ ಎಂಬ ಸೂತ್ರವನ್ನು ಅಕ್ಷರಶಃ ಹಿಡಿದು 2ನ್ನು 3ಕ್ಕೆ ಜೋಡಿಸಿದವರಿಗೆ ಸಂಪರ್ಕ ದೊರೆಯದು.

ಈ ಮೂರು ತಂತಿಗಳಲ್ಲದೆ, ‘ಸಿದ್ಧನಿದ್ದೇನೆ’, ‘ಕಳುಹಿಸಬಹುದು’ ಎಂದು ಯಂತ್ರಗಳು ಪರಸ್ಪರ ಸೂಚಿಸಿಕೊಳ್ಳುವ ತಂತಿಗಳೂ ಇವೆ. ಹಳೆಯ ದ್ವಾರದ 4ನ್ನು ಹೊಸದರ 8ಕ್ಕೆ, 5ನ್ನು 7ಕ್ಕೆ, 20ನ್ನು 6 ಮತ್ತು 1ಕ್ಕೆ ಸೇರಿಸಬೇಕು. ಹಳೆಯದರ 6 ಮತ್ತು 8ನ್ನು ಕೂಡಿಸಿ ಹೊಸದರ 4ಕ್ಕೆ ಸೇರಿಸಬೇಕು. ಇವು ಅನಾವಶ್ಯಕವೆಂದು ಕೆಲವರು ಬಿಟ್ಟುಬಿಡುವುದುಂಟು. ಡಾಸ್‌ನ ಕಾಪಿ ಆಜ್ಞೆಯಾದರೋ ಈ ಸೂಚನೆಗಳು ಬಾರದೆ ಒಂದಕ್ಷರವನ್ನೂ ಕಳುಹಿಸುವುದಿಲ್ಲ. ಸ್ವಲ್ಪ ಕಾಲ ಕಾದು, ಬರೆಯಲಾಗಲಿಲ್ಲ ಎಂಬ ದೋಷವನ್ನು ತೋರಿಸಿ ನಿಲ್ಲುತ್ತದೆ. ಮೂರೇ ತಂತಿಗಳ ಕೇಬಲ್ ಇದ್ದರೆ ಹಳೆಯ ಯಂತ್ರದ ತುದಿಯಲ್ಲಿ 4ನ್ನು 5ಕ್ಕೂ, 20ನ್ನು 6 ಮತ್ತು 8ಕ್ಕೂ ಕೂಡಿಸಿ ಕೆಲಸ ನಡೆಸಬಹುದು. ಆದರೆ ಆಗ ‘ಸ್ವಲ್ಪ ತಡೆ’ ಎಂದು ಹೇಳುವ ಉಪಾಯವೂ ಇಲ್ಲದಾಗುವುದರಿಂದ ವೇಗವನ್ನು ತಗ್ಗಿಸಿಕೊಳ್ಳಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಹಳೆಯ ಯಂತ್ರದ ಹಿಂಬದಿಯಲ್ಲಿ 25ರ ದ್ವಾರಗಳು ಎರಡಿರಬಹುದು. ಪಿನ್ನುಗಳು ಹೊರಚಾಚಿರುವುದು ಸೀರಿಯಲ್. ರಂಧ್ರಗಳಿರುವುದು ಮುದ್ರಕದ ದ್ವಾರ. ಎರಡನೆಯದಕ್ಕೆ ಈ ಕೇಬಲನ್ನು ಜೋಡಿಸಬಾರದು. ಇನ್ನು, ಯುಎಸ್‌ಬಿ ಸಾಧನಗಳಲ್ಲಿಯೂ ಎರಡು ಬಗೆಗಳಿವೆ. ಬಿಡಿ ತಂತಿಗಳುಳ್ಳ, 3.3 ಅಥವಾ 5 ವೋಲ್ಟಿನಲ್ಲಿ ಮಾತ್ರ ನಡೆಯುವ ಸಾಧನಗಳು ಈ ಕೆಲಸಕ್ಕೆ ಸಲ್ಲವು. ಹಳೆಯ ಯಂತ್ರವು ಹೊರಡಿಸುವ ಸುಮಾರು 12 ವೋಲ್ಟಿನ ಧನ ಋಣ ವಿದ್ಯುತ್ತು ಅವುಗಳನ್ನು ಸುಟ್ಟುಬಿಡಬಲ್ಲುದು. ಆರ್‌ಎಸ್-232ಕ್ಕೆಂದೇ ತಯಾರಾದ ಸಾಧನವನ್ನೇ ಬಳಸತಕ್ಕದ್ದು.

4. ಎಂಟನೆಯ ಬಿಟ್ಟಿನ ಲೋಪ

ಕೇಬಲು ಸರಿಯಾದ ಮೇಲೆ ಎರಡು ಯಂತ್ರಗಳೂ ನಾಲ್ಕು ಅಂಶಗಳಲ್ಲಿ ಒಮ್ಮತಕ್ಕೆ ಬರಬೇಕು: ವೇಗ, ಅಕ್ಷರವೊಂದಕ್ಕೆ ಎಷ್ಟು ಬಿಟ್‌ಗಳು, ಪ್ಯಾರಿಟಿ ಎಂಬ ಪರೀಕ್ಷಾ ಬಿಟ್ ಇದೆಯೇ ಇಲ್ಲವೇ, ಸಮಾಪ್ತಿಯ ಬಿಟ್‌ಗಳು ಎಷ್ಟು. ಪಾಠನಾಶದ ಬೀಜವಿರುವುದು ಇವುಗಳಲ್ಲಿ ಎರಡನೆಯದರಲ್ಲಿ.

ರೋಮನ್ ಲಿಪಿಯ ಅಕ್ಷರಗಳು, ಅಂಕಿಗಳು ಮತ್ತು ವಿರಾಮಚಿಹ್ನೆಗಳು 0ಯಿಂದ 127ರವರೆಗಿನ ಸಂಖ್ಯೆಗಳಲ್ಲಿ ಅಡಗುತ್ತವೆ. ಅವಕ್ಕೆ ಏಳು ಬಿಟ್‌ಗಳೇ ಸಾಕು. ಇಸ್ಕಿಯು ಆ ಸ್ಥಾನಗಳನ್ನು ಹಾಗೆಯೇ ಉಳಿಸಿ, ಭಾರತೀಯ ಅಕ್ಷರಗಳಿಗೆ 161ರಿಂದ 250ರವರೆಗಿನ ಸ್ಥಾನಗಳನ್ನು ಉಪಯೋಗಿಸಿತು. ಇವು ಎಂಟನೆಯ ಬಿಟ್ ಇದ್ದರೆ ಮಾತ್ರ ನಿಲ್ಲುವ ಸಂಖ್ಯೆಗಳು. ಎಂಟನೆಯ ಬಿಟ್ಟಿನ ಬೆಲೆ 128. ಅದು ಬಿದ್ದುಹೋದರೆ ಪ್ರತಿ ಕನ್ನಡ ಅಕ್ಷರದ ಸಂಖ್ಯೆಯಿಂದಲೂ 128 ಕಳೆದು, ಉಳಿಯುವುದು 33ರಿಂದ 122ರವರೆಗಿನ ಸಂಖ್ಯೆ. ಇವೆಲ್ಲವೂ ಅಚ್ಚಾಗಬಲ್ಲ ಸಾಮಾನ್ಯ ಚಿಹ್ನೆಗಳೇ ಎಂಬುದು ಗಮನಾರ್ಹ. ಯಾವ ದೋಷಸೂಚನೆಯೂ ಬರುವುದಿಲ್ಲ. ಕಡತದ ಉದ್ದದಲ್ಲಿಯೂ ವ್ಯತ್ಯಾಸ ಕಾಣುವುದಿಲ್ಲ.

ಉದಾಹರಣೆಗೆ, ಸೂಚಿಯೊಂದರಲ್ಲಿ ‘ಗರಿ 33’ ಎಂಬ ನಮೂದು ಇದೆಯೆಂದು ಇಟ್ಟುಕೊಳ್ಳಬಹುದು. ಇಸ್ಕಿಯಲ್ಲಿ ಗಕಾರಕ್ಕೆ 181, ರಕಾರಕ್ಕೆ 207, ಇಕಾರದ ಗುಣಿತಚಿಹ್ನೆಗೆ 219. ಎಂಟನೆಯ ಬಿಟ್ ಲುಪ್ತವಾದಾಗ ಇವು ಕ್ರಮವಾಗಿ 53, 79 ಮತ್ತು 91 ಆಗುತ್ತವೆ. ಎಂದರೆ ಅಂಕಿ 5, ರೋಮನ್ ಲಿಪಿಯ ‘ಓ’ ಅಕ್ಷರ, ಚೌಕ ಆವರಣದ ಎಡಭಾಗ. ಅದರ ಮುಂದಿನ 33 ಮಾತ್ರ ಯಥಾವತ್ತಾಗಿ ಉಳಿಯುತ್ತದೆ. ಗಕಾರವು 5 ಆದಂತೆ ಕಕಾರವು 3 ಆಗುತ್ತದೆ, ಖಕಾರವು 4 ಆಗುತ್ತದೆ. ಇಂತಹ ಕಡತದಲ್ಲಿ ಮುಂದೆ ಯಾವ ಅಂಕಿ ನಿಜವಾದ ಅಂಕಿ, ಯಾವುದು ಅಕ್ಷರದ ಶವ ಎಂಬುದನ್ನು ಯಂತ್ರವು ನಿರ್ಣಯಿಸಲಾರದು. ಬರಿಯ ಕನ್ನಡ ಪದ್ಯವಾದರೆ 128ನ್ನು ಮರಳಿ ಕೂಡಿಸಿ ಊಹೆಯಿಂದ ಬಹುಮಟ್ಟಿಗೆ ಪುನಾರಚಿಸಬಹುದು. ಗರಿಗಳ ಸಂಖ್ಯೆ, ಸಾಲುಗಳ ಸಂಖ್ಯೆ, ಇಂಗ್ಲಿಷ್ ಟಿಪ್ಪಣಿ ಎಲ್ಲವೂ ಬೆರೆತ ಸೂಚಿಯಲ್ಲಿ ಅದು ಪ್ರತಿ ನಮೂದಿನಲ್ಲಿಯೂ ಸಂದೇಹಕ್ಕೆ ಎಡೆಗೊಡುತ್ತದೆ.

ಈ ಲೋಪವು ಅಪರೂಪದ್ದಲ್ಲ. ಡಾಸ್‌ನಲ್ಲಿ ಸೀರಿಯಲ್ ದ್ವಾರದ ಕ್ರಮವನ್ನು ನಿಗದಿಪಡಿಸುವುದು ಮೋಡ್ ಎಂಬ ಆಜ್ಞೆ. ಅದಕ್ಕೆ ವೇಗವನ್ನು ಮಾತ್ರ ತಿಳಿಸಿ ಉಳಿದುದನ್ನು ಬಿಟ್ಟರೆ, ಏಳು ಬಿಟ್‌ಗಳನ್ನೂ ಸಮ ಪ್ಯಾರಿಟಿಯನ್ನೂ ಅದು ತಾನಾಗಿಯೇ ಇಟ್ಟುಕೊಳ್ಳುತ್ತದೆ. ಆ ಕಾಲದ ಬೇಸಿಕ್ ಭಾಷೆಯಲ್ಲಿ ದ್ವಾರವನ್ನು ತೆರೆದಾಗಲೂ ಹೀಗೆಯೇ. ಇಂದಿನ ಯಂತ್ರದ ತಂತ್ರಾಂಶಗಳಾದರೋ ಸಾಮಾನ್ಯವಾಗಿ ಎಂಟು ಬಿಟ್‌ಗಳನ್ನು ನಿರೀಕ್ಷಿಸುತ್ತವೆ. ಏಳು ಬಿಟ್‌ಗಳ ಜೊತೆಗೆ ಒಂದು ಪ್ಯಾರಿಟಿ ಬಿಟ್ ಸೇರಿದರೆ ಒಟ್ಟು ಎಂಟೇ ಆಗುವುದರಿಂದ, ಹೊಸ ಯಂತ್ರವು ಪ್ಯಾರಿಟಿಯನ್ನೇ ಎಂಟನೆಯ ಬಿಟ್ಟೆಂದು ಭ್ರಮಿಸುತ್ತದೆ. ಆಗ ಮೇಲಿನ ಉದಾಹರಣೆಯಲ್ಲಿ ಗಕಾರವು 5 ಆಗುತ್ತದೆ. ರಕಾರವೂ ಅದರ ಗುಣಿತವೂ ಕೇವಲ ಆಕಸ್ಮಿಕವಾಗಿ ಸರಿಯಾಗಿ ಬರುತ್ತವೆ. ಇಂಗ್ಲಿಷ್ ಭಾಗದಲ್ಲಿಯೂ ಹಲವು ಅಕ್ಷರಗಳು ಕೆಡುತ್ತವೆ.

ಇಲ್ಲಿಯೇ ಕೆಲಸಗಾರನು ಎಡವುವುದು. ಕೆಟ್ಟ ಇಂಗ್ಲಿಷನ್ನು ಕಂಡು ಅವನು ಹೊಸ ಯಂತ್ರವನ್ನು ಹಳೆಯದಕ್ಕೆ ಹೊಂದಿಸುತ್ತಾನೆ. ಅಲ್ಲಿಯೂ ಏಳು ಬಿಟ್, ಸಮ ಪ್ಯಾರಿಟಿ ಎಂದು ನಿಗದಿಪಡಿಸುತ್ತಾನೆ. ಕೂಡಲೇ ಇಂಗ್ಲಿಷ್ ಭಾಗವು ಅಚ್ಚುಕಟ್ಟಾಗಿ ಮೂಡುತ್ತದೆ. ಕನ್ನಡದ ಸ್ಥಾನದಲ್ಲಿ ಪರಿಚಿತವಾದ ಅಂಕಿಗಳೂ ರೋಮನ್ ಅಕ್ಷರಗಳೂ ಕಾಣುತ್ತವೆ. ಕನ್ನಡವನ್ನು ಆಮೇಲೆ ಮಾರ್ಪಡಿಸಿಕೊಳ್ಳಬಹುದೆಂದು ಅವನು ಸಮಾಧಾನಪಡುತ್ತಾನೆ. ಆದರೆ ಮಾರ್ಪಡಿಸಲು ಅಲ್ಲಿ ಕನ್ನಡವೇ ಉಳಿದಿಲ್ಲ. ಮಾಡಬೇಕಾಗಿದ್ದುದು ಇದಕ್ಕೆ ವಿರುದ್ಧವಾದುದು: ಹಳೆಯ ಯಂತ್ರವನ್ನು ಎಂಟು ಬಿಟ್‌ಗಳಿಗೆ ಹೊಂದಿಸುವುದು. ಹಾಗೆ ಮಾಡಿದಾಗ ಇಸ್ಕಿಯನ್ನು ತಿಳಿಯದ ಇಂದಿನ ತೆರೆಯ ಮೇಲೆ, ಪಶ್ಚಿಮ ಯುರೋಪಿನ ಲಿಪಿಕ್ರಮವನ್ನು ಅನುಸರಿಸಿದಲ್ಲಿ, ‘ಗರಿ’ ಎಂಬುದು ಗ್ರೀಕಿನ ‘ಮ್ಯೂ’ ಚಿಹ್ನೆ, ತಲೆಯ ಮೇಲೆ ಎರಡು ಚುಕ್ಕೆಗಳುಳ್ಳ ‘ಐ’, ಟೋಪಿಯಿಟ್ಟ ‘ಯು’ ಎಂದು ವಿಲಕ್ಷಣವಾಗಿ ಕಾಣುತ್ತದೆ. ಆದರೂ ಸರಿಯಾದ ಪಾಠ ಅದೇ.

ಎರಡು ಪಾಠಗಳಲ್ಲಿ ಒಂದು ಸುಲಭವೂ ಇನ್ನೊಂದು ಕ್ಲಿಷ್ಟವೂ ಆಗಿದ್ದರೆ ಕ್ಲಿಷ್ಟವಾದುದೇ ಮೂಲವಿರುವ ಸಂಭವ ಹೆಚ್ಚೆಂಬುದು ಗ್ರಂಥಸಂಪಾದನೆಯಲ್ಲಿ ಪ್ರಸಿದ್ಧವಾದ ನಿಯಮ. ಲಿಪಿಕಾರನು ತಿಳಿಯದ ಶಬ್ದವನ್ನು ತಿಳಿದ ಶಬ್ದವಾಗಿ ತಿದ್ದುತ್ತಾನೆಯೇ ಹೊರತು ತಿಳಿದುದನ್ನು ತಿಳಿಯದಂತೆ ಬರೆಯುವುದಿಲ್ಲ. ಆ ನಿಯಮವು ಇಲ್ಲಿಗೂ ಅನ್ವಯಿಸುತ್ತದೆ. ಪರಿಚಿತವಾಗಿ ಕಾಣುವ ಪ್ರತಿಯನ್ನೇ ಮೊದಲು ಶಂಕಿಸಬೇಕು. ಪರೀಕ್ಷೆಯೂ ಸುಲಭ: ಕನ್ನಡವಿದೆಯೆಂದು ತಿಳಿದಿರುವ ಇಸ್ಕಿ ಕಡತದಲ್ಲಿ 127ಕ್ಕೆ ಮೀರಿದ ಬೈಟ್ ಒಂದೂ ಇಲ್ಲದಿದ್ದರೆ ಆ ಪ್ರತಿಯು ಭ್ರಷ್ಟವೆಂದು ನಿಶ್ಚಯಿಸಬಹುದು.

5. ತಪ್ಪನ್ನು ಹಿಡಿಯುವ ಲೆಕ್ಕ

ಪ್ರಾಚೀನ ಪ್ರತಿಗಳ ಕೊನೆಯಲ್ಲಿ ಗ್ರಂಥಾಗ್ರವನ್ನು ನಮೂದಿಸುವ ಸಂಪ್ರದಾಯವಿತ್ತು. 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೃತಿಯ ಪ್ರಮಾಣವನ್ನು ಬರೆದಿಟ್ಟರೆ, ಪ್ರಕ್ಷೇಪವನ್ನೂ ಲೋಪವನ್ನೂ ಗುರುತಿಸಲು ಅದು ನೆರವಾಗುತ್ತಿತ್ತು. ಸೀರಿಯಲ್ ತಂತಿಯ ಮೂಲಕ ಕಡತವನ್ನು ಕಳುಹಿಸುವ ನಿಯಮಾವಳಿಗಳೂ ಇಂತಹ ಲೆಕ್ಕವನ್ನೇ ಆಧರಿಸಿವೆ.

ವಾರ್ಡ್ ಕ್ರಿಸ್ಟೆನ್ಸನ್ ಎಂಬವರು 1977ರಲ್ಲಿ ರಚಿಸಿದ ಎಕ್ಸ್‌ಮೋಡೆಮ್ ಎಂಬ ನಿಯಮಾವಳಿಯು ಕಡತವನ್ನು 128 ಬೈಟ್‌ಗಳ ತುಂಡುಗಳಾಗಿ ಕಳುಹಿಸಿ, ಪ್ರತಿ ತುಂಡಿನ ಕೊನೆಗೆ ಬೈಟ್‌ಗಳ ಮೊತ್ತದಿಂದ ಪಡೆದ ಸಂಖ್ಯೆಯನ್ನು ಸೇರಿಸುತ್ತದೆ. ಮೊತ್ತವು ಹೊಂದದಿದ್ದರೆ ಆ ತುಂಡನ್ನು ಮತ್ತೆ ತರಿಸಿಕೊಳ್ಳುತ್ತದೆ. ಆದರೆ ಗ್ರಂಥಾಗ್ರದಂತೆಯೇ ಈ ಮೊತ್ತಕ್ಕೂ ಒಂದು ಮಿತಿಯಿದೆ: ಎರಡು ಅಕ್ಷರಗಳು ಸ್ಥಾನಪಲ್ಲಟಗೊಂಡರೆ ಮೊತ್ತವು ಬದಲಾಗುವುದಿಲ್ಲ. ಕೊನೆಯ ತುಂಡು ತುಂಬದಿದ್ದರೆ ಅದನ್ನು ಸಾಮಾನ್ಯವಾಗಿ 26 ಎಂಬ ಸಂಖ್ಯೆಯ ಚಿಹ್ನೆಯಿಂದ ತುಂಬಿಸುವ ಕಾರಣ, 1000 ಬೈಟ್‌ಗಳ ಕಡತವು 1024 ಆಗಿ ಬರುತ್ತದೆ. ಇದೊಂದು ಪ್ರಕ್ಷೇಪ, ನಿರುಪದ್ರವಿಯಾದರೂ ಅರಿತಿರಬೇಕಾದುದು.

ಪಾಠರಕ್ಷಣೆಯ ದೃಷ್ಟಿಯಿಂದ ಹೆಚ್ಚು ಯೋಗ್ಯವಾದುದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1981ರಲ್ಲಿ ರೂಪುಗೊಂಡ ಕರ್ಮಿಟ್. ಇದು ಪ್ರತಿ ತುಂಡಿಗೂ ಕ್ರಮಸಂಖ್ಯೆಯನ್ನು ಕೊಡುವುದರಿಂದ ಗರಿ ತಪ್ಪುವ ಭಯವಿಲ್ಲ. ಇದರ ಪರೀಕ್ಷಾಕ್ರಮಗಳು ಮೂರು. ಮೂರನೆಯ ಕ್ರಮವನ್ನು ಆರಿಸಿದರೆ ಅಕ್ಷರಗಳ ಸ್ಥಾನವನ್ನೂ ಗಣನೆಗೆ ತಂದುಕೊಳ್ಳುವ 16 ಬಿಟ್‌ಗಳ ಲೆಕ್ಕವು ಬಳಕೆಯಾಗಿ, ಪಕ್ಕಪಕ್ಕದ ಅಕ್ಷರಗಳ ಪಲ್ಲಟವೂ ಸಿಕ್ಕಿಬೀಳುತ್ತದೆ. ಏಳು ಬಿಟ್‌ಗಳ ಮಾರ್ಗ ಅನಿವಾರ್ಯವಾದಾಗಲೂ ಎರಡು ಕಡೆಯವೂ ಒಪ್ಪಿದಲ್ಲಿ ಎಂಟನೆಯ ಬಿಟ್ಟನ್ನು ಇದು ಉಳಿಸಿಕೊಡಬಲ್ಲುದೆಂಬುದು ವಿಶೇಷ. ಆಗ ಗಕಾರವನ್ನು ಬರಿಯ 5 ಎಂದು ಕಳುಹಿಸದೆ, ಅದರ ಮುಂದೆ ‘&’ ಎಂಬ ಗುರುತನ್ನಿಟ್ಟು ‘&5’ ಎಂದು ಕಳುಹಿಸುತ್ತದೆ; ಆಚೆಯ ತುದಿಯಲ್ಲಿ ಅವೆರಡೂ ಕೂಡಿ ಮತ್ತೆ ಗಕಾರವಾಗುತ್ತದೆ.

6. ಕಾರ್ಯದ ಕ್ರಮ

ಬಹುಕಾಲ ನಿಂತಿದ್ದ ಯಂತ್ರಕ್ಕೆ ವಿದ್ಯುತ್ತನ್ನು ಹಾಯಿಸುವ ಮೊದಲು ಅದರ ವಿದ್ಯುತ್ ಪೆಟ್ಟಿಗೆಯನ್ನು ಬಲ್ಲವರಿಂದ ಪರೀಕ್ಷಿಸಬೇಕು. ಫ್ಲಾಪಿಯ ಅಂಚಿನಲ್ಲಿರುವ ಚೌಕಾಕಾರದ ಕಚ್ಚನ್ನು ಪಟ್ಟಿಯಿಂದ ಮುಚ್ಚಿದರೆ ಅದರ ಮೇಲೆ ಅಚಾತುರ್ಯದಿಂದ ಏನನ್ನೂ ಬರೆಯಲಾಗದು. ಮಾತೃಪ್ರತಿಗೆ ಇದು ಕನಿಷ್ಠ ರಕ್ಷಣೆ. ಬೂಷ್ಟು ಹಿಡಿದ ತಟ್ಟೆಯನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಅದೂ ಕೆಡುತ್ತದೆ, ಓದುವ ತಲೆಯೂ ಕೆಡುತ್ತದೆ. ಯಾವ ಬೆಲೆಯೂ ಇಲ್ಲದ ಬೇರೊಂದು ಫ್ಲಾಪಿಯಿಂದ ಎಲ್ಲ ಪ್ರಯೋಗಗಳನ್ನೂ ಮುಗಿಸಿದ ಮೇಲೆಯೇ ಮುಖ್ಯವಾದುದಕ್ಕೆ ಕೈಹಾಕಬೇಕು.

ಆಮೇಲೆ ಮೋಡ್ ಆಜ್ಞೆಗೆ ವೇಗ, ಪ್ಯಾರಿಟಿ ಇಲ್ಲ, ಎಂಟು ಬಿಟ್, ಒಂದು ಸಮಾಪ್ತಿ ಎಂಬ ನಾಲ್ಕನ್ನೂ ಬಿಡದೆ ತಿಳಿಸಬೇಕು. ಹೊಸ ಯಂತ್ರದಲ್ಲಿ ಸಿ-ಕರ್ಮಿಟ್ ಅಥವಾ ಟೆರಾ ಟರ್ಮ್‌ನಂತಹ ತಂತ್ರಾಂಶದಲ್ಲಿ ಅವೇ ನಾಲ್ಕನ್ನು ನಿಗದಿಪಡಿಸಬೇಕು. 1200ರ ವೇಗದಿಂದ ಆರಂಭಿಸಿ, ನಿರ್ದೋಷವೆಂದು ಕಂಡುಬಂದರೆ 9600ಕ್ಕೆ ಏರಿಸಬಹುದು. ಕಡತವನ್ನು ಬರಹವೆಂದು ಭಾವಿಸಿ ಸಾಲಿನ ಕೊನೆಗಳನ್ನು ತಿದ್ದುವ ಕ್ರಮವನ್ನು ಬಿಟ್ಟು, ಇದ್ದುದನ್ನು ಇದ್ದಂತೆ ಸಾಗಿಸುವ ದ್ವಿಮಾನ ಕ್ರಮವನ್ನೇ ಆರಿಸಬೇಕು.

ಹಳೆಯ ಯಂತ್ರದಲ್ಲಿ ಕರ್ಮಿಟ್ ಇಲ್ಲದಿದ್ದರೆ ಎರಡು ದಾರಿಗಳಿವೆ. ಅಚ್ಚಾಗಬಲ್ಲ ಅಕ್ಷರಗಳಾಗಿ ಮಾರ್ಪಡಿಸಿದ ಕರ್ಮಿಟ್‌ನ ಪ್ರತಿಯನ್ನು ತಂತಿಯ ಮೂಲಕ ಕಳುಹಿಸಿ, ಅದನ್ನು ಬೇಸಿಕ್‌ನಲ್ಲಿ ಬರೆದ ಚಿಕ್ಕದೊಂದು ಕಾರ್ಯಸೂಚಿಯಿಂದ ಮೂಲರೂಪಕ್ಕೆ ತರುವುದು ಒಂದು. ಡಾಸ್‌ನ ಕಾಪಿ ಆಜ್ಞೆಯಿಂದಲೇ ಕಡತವನ್ನು ಸೀರಿಯಲ್ ದ್ವಾರಕ್ಕೆ ಹರಿಸಿ, ಆಚೆ ಹಿಡಿದುಕೊಳ್ಳುವುದು ಇನ್ನೊಂದು. ಕಾಪಿಗೆ ದ್ವಿಮಾನ ಕ್ರಮವನ್ನು ಸೂಚಿಸದಿದ್ದರೆ 26ರ ಚಿಹ್ನೆ ಎದುರಾದ ಕೂಡಲೇ ಅದು ಕಡತ ಮುಗಿಯಿತೆಂದು ನಿಲ್ಲುತ್ತದೆ, ಗ್ರಂಥಪಾತವಾದುದೂ ತಿಳಿಯುವುದಿಲ್ಲ. ಈ ದಾರಿಯಲ್ಲಿ ತಪ್ಪನ್ನು ಪರೀಕ್ಷಿಸುವವರಾರೂ ಇಲ್ಲವಾದ್ದರಿಂದ ಕಡತವನ್ನು ಮೂರು ಬಾರಿ ತರಿಸಿ, ಮೂರನ್ನೂ ತಾಳೆ ನೋಡಬೇಕು. ಎಂಟನೆಯ ಬಿಟ್ ಹೋಗಿದ್ದರೆ ಮೂರರಲ್ಲಿಯೂ ಹೋಗಿರುತ್ತದೆಯೆಂಬುದನ್ನು ಮರೆಯಬಾರದು. ಒಂದೇ ಭ್ರಷ್ಟ ಮಾತೃಕೆಯಿಂದ ಇಳಿದ ಮೂರು ಪ್ರತಿಗಳು ಒಂದೇ ಸಾಕ್ಷಿಯೆಂಬುದು ಸಂಪಾದಕರಿಗೆ ಹೊಸ ಮಾತಲ್ಲ.

7. ತಾಳೆ ಮತ್ತು ಪುಷ್ಪಿಕೆ

ಪ್ರತಿಲೇಖನವು ಮುಗಿಯುವುದು ಕೊನೆಯ ಅಕ್ಷರ ಬಂದಾಗಲ್ಲ, ತಾಳೆ ಮುಗಿದಾಗ. ಮೊದಲು ಎರಡು ಕಡೆಯ ಕಡತಗಳ ಉದ್ದವನ್ನು ಹೋಲಿಸಬೇಕು. ಅನಂತರ ಹೊಸ ಯಂತ್ರದಲ್ಲಿನ ಪ್ರತಿಯನ್ನು ಬೇರೆ ಹೆಸರಿನಿಂದ ಹಳೆಯ ಯಂತ್ರಕ್ಕೆ, ಬೇರೊಂದು ಫ್ಲಾಪಿಯ ಮೇಲೆ, ಮರಳಿ ಕಳುಹಿಸಬೇಕು. ಅಲ್ಲಿ ಎಫ್‌ಸಿ ಎಂಬ ಆಜ್ಞೆಯನ್ನು ದ್ವಿಮಾನ ಕ್ರಮದಲ್ಲಿ ನಡೆಸಿ, ಮೂಲದೊಡನೆ ಒಂದೊಂದು ಬೈಟನ್ನೂ ಹೋಲಿಸಬೇಕು. ಹೋಗುವಾಗ ಬಿದ್ದ ಎಂಟನೆಯ ಬಿಟ್ ಬರುವಾಗ ತಾನಾಗಿ ಹುಟ್ಟಲಾರದು. ಆದಕಾರಣ ಇಲ್ಲಿ ಅದು ಬಯಲಾಗುತ್ತದೆ. ಓದುವವನೊಬ್ಬ, ಮೂಲವನ್ನು ನೋಡುವವನೊಬ್ಬ ಕುಳಿತು ಪ್ರತಿಯನ್ನು ಶೋಧಿಸುವ ಹಳೆಯ ಪದ್ಧತಿಗೆ ಇದು ಸಮಾನವಾದುದು.

ಇಸ್ಕಿಯಿಂದ ಯೂನಿಕೋಡ್‌ಗೆ ಮಾರ್ಪಡಿಸುವುದು ಇದಾದ ಮೇಲಿನ ಬೇರೆಯೇ ಕೆಲಸ. ಅದನ್ನು ಪ್ರತಿಲೇಖನದೊಡನೆ ಬೆರೆಸಲಾಗದು. ಇಸ್ಕಿಯಲ್ಲಿ ಒಂದೇ ಸಂಖ್ಯೆಯು ಎಲ್ಲ ಭಾರತೀಯ ಲಿಪಿಗಳಿಗೂ ಸಾಮಾನ್ಯ: 181 ಎಂಬುದು ಕನ್ನಡದಲ್ಲಿಯೂ ಗಕಾರ, ನಾಗರಿಯಲ್ಲಿಯೂ ಗಕಾರ. ಲಿಪಿ ಯಾವುದೆಂಬುದು ಕಡತದೊಳಗೆ ನಮೂದಾಗಿರದಿದ್ದರೆ, ಫ್ಲಾಪಿಯ ಮೇಲಿನ ಚೀಟಿಯೇ ಅದಕ್ಕೆ ಆಧಾರ. ಯೂನಿಕೋಡ್‌ನಲ್ಲಾದರೆ ಕನ್ನಡದ ಗಕಾರಕ್ಕೂ ನಾಗರಿಯ ಗಕಾರಕ್ಕೂ ಪ್ರತ್ಯೇಕ ಸಂಖ್ಯೆಗಳಿವೆ. ಅಲ್ಲದೆ ಒತ್ತಕ್ಷರವಾಗದೆ ಉಳಿಯಬೇಕಾದ ಹಲಂತವನ್ನು ಇಸ್ಕಿಯು ಎರಡು ಹಲಂತಚಿಹ್ನೆಗಳಿಂದ ಸೂಚಿಸುತ್ತದೆ; ಯೂನಿಕೋಡ್‌ನಲ್ಲಿ ಆ ಸ್ಥಾನಕ್ಕೆ ಕಣ್ಣಿಗೆ ಕಾಣದ ಬೇರೆಯ ಗುರುತು ಬರಬೇಕು. ಇಂತಹ ಮಾರ್ಪಾಡಿನಲ್ಲಿ ಸ್ಖಾಲಿತ್ಯಗಳು ನುಸುಳುವುದು ಸಹಜ. ಆದ್ದರಿಂದ ಇಸ್ಕಿಯ ಕಡತವನ್ನು ಬಂದಂತೆಯೇ ಕಾದಿರಿಸಿ, ಅದರ ನಕಲಿನಿಂದ ಮಾತ್ರ ಯೂನಿಕೋಡ್ ಪಾಠವನ್ನು ಸಿದ್ಧಪಡಿಸತಕ್ಕದ್ದು.

ಕಡೆಯದಾಗಿ, ಪ್ರತಿಯೊಂದು ಕಡತದ ಜೊತೆಗೂ ಪುಷ್ಪಿಕೆಯೊಂದು ಇರಬೇಕು. ಫ್ಲಾಪಿಯ ಮೇಲಿನ ಚೀಟಿಯ ಬರಹ, ಹಳೆಯ ಯಂತ್ರದ ಹೆಸರು, ಕಡತದ ಮೂಲ ಹೆಸರು, ದಿನಾಂಕ ಮತ್ತು ಉದ್ದ, ಸಾಗಿಸಿದ ವೇಗ ಮತ್ತು ನಿಯಮಾವಳಿ, ಓದಲು ಬಾರದೆ ಉಳಿದ ಭಾಗಗಳು, ತಾಳೆ ನೋಡಿದ ಕ್ರಮ, ಎಸ್‌ಎಚ್‌ಎ-256ರಂತಹ ಲೆಕ್ಕದಿಂದ ದೊರೆತ ಸಂಖ್ಯೆ, ಇಳಿಸಿಕೊಂಡವರ ಹೆಸರು, ಇಷ್ಟನ್ನು ಅದರಲ್ಲಿ ಬರೆಯಬೇಕು. ಓದಲಾಗದ ಸ್ಥಳವನ್ನು ಖಾಲಿ ಬಿಟ್ಟು ಗ್ರಂಥಪಾತವೆಂದು ಸೂಚಿಸಿದ ಲಿಪಿಕಾರನಿಂದ ಪಾಠಕ್ಕೆ ಹಾನಿಯಾಗುವುದಿಲ್ಲ. ತನಗೆ ತಿಳಿದಂತೆ ತುಂಬಿಸಿ ಮುಂದೆ ಸಾಗಿದವನಿಂದಲೇ ಪಾಠವು ಕೆಡುವುದು. ಯಂತ್ರವು ಲಿಪಿಕಾರನಾದಾಗಲೂ ಈ ವಿವೇಚನೆ ಬದಲಾಗುವುದಿಲ್ಲ. ಆ ಫ್ಲಾಪಿಗಳನ್ನು ಓದಬಲ್ಲ ಯಂತ್ರಗಳು ವರ್ಷ ವರ್ಷಕ್ಕೆ ವಿರಳವಾಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಹಾಗೆಂದು, ತಾಳೆ ಮುಗಿದು ಪುಷ್ಪಿಕೆ ಬರೆದಾಗುವವರೆಗೆ ಹಳೆಯ ಫ್ಲಾಪಿಯನ್ನಾಗಲಿ ಅದನ್ನು ಓದುವ ಯಂತ್ರವನ್ನಾಗಲಿ ವಿಲೇವಾರಿ ಮಾಡುವುದೂ ಯುಕ್ತವಲ್ಲ.